ಟವೆಲ್ಲಿನ ಅಡಿ ಕಲಿತ ಇಂಗ್ಲಿಷು

ಇಂಗ್ಲಿಷ್ ಕಟ್ಟಿದವರು ಒಂದು ದಿನವಾದರೂ ಕುರಿ ಕಾದಿದ್ದರೆ ತಮ್ಮ ಕ್ರಿಯಾಪದಗಳನ್ನು ಹೀಗೆ ಬೀದಿಗೆ ಬಿಡುತ್ತಿರಲಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಆಮೇಲೆ ಯಾರೋ ಹೇಳಿದರು, ಅವರ ದೇಶದ ತುಂಬ ಕುರಿಗಳೇ ಅಂತೆ. ಹಾಗಾದರೆ ಅವರಿಗೆ ಕ್ಷಮೆಯೇ ಇಲ್ಲ. ‘ಎಂಜಾಯ್’ ಆದಮೇಲೆ ಬರುವ ಕ್ರಿಯಾಪದಕ್ಕೆ ಹಿಂದುಗಡೆ ‘ಇಂಗ್’ ಎಂಬ ಬಾಲ ಇರಬೇಕು. ‘ವಾಂಟ್’ ಆದಮೇಲೆ ಬರುವುದಕ್ಕೆ ಮುಂದುಗಡೆ ‘ಟು’ ಎಂಬ ಮೂಗುದಾರ ಇರಬೇಕು. ‘ಲೈಕ್’ ಮಾತ್ರ ಧಾರಾಳಿ, ಅದಕ್ಕೆ ಎರಡರಲ್ಲಿ ಯಾವುದು ಬಂದರೂ ನಡೆಯುತ್ತದೆ. ಯಾಕೆ ಹೀಗೆ ಅಂತ ಕೇಳಿದರೆ ಪುಸ್ತಕದವರು ಬಾಲದ್ದಕ್ಕೆ ಜೆರಂಡ್, ಮೂಗುದಾರದ್ದಕ್ಕೆ ಇನ್ಫಿನಿಟಿವ್ ಅಂತ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಹೆಸರು ಹೇಳಿದರೆ ಕಾರಣ ಹೇಳಿದ ಹಾಗಾಯಿತೇ?

ನನ್ನ ಹೊಟ್ಟೆಯುರಿಗೆ ಕಾರಣವಿದೆ. ಆರು ವರ್ಷ ನಾನು ಮದ್ದೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎಲ್‌ಕೆಜಿ ಮಿಸ್ಸಾಗಿದ್ದೆ. ಓದಿದ್ದು ಎಂ.ಎ. ಇಂಗ್ಲಿಷು, ಮೇಲೆ ಬಿ.ಎಡ್. ಮಾಡುತ್ತಿದ್ದುದು ಮೂಗು ಒರೆಸುವುದು, ಬಾಟಲಿ ಮುಚ್ಚಳ ತೆಗೆದುಕೊಡುವುದು, ಒಂದು ಮಗು ಅತ್ತರೆ ಜೊತೆಗೆ ಅಳುವ ಇಪ್ಪತ್ತು ಮಕ್ಕಳನ್ನು ಸುಮ್ಮನಾಗಿಸುವುದು. ಅದು ಕೀಳು ಕೆಲಸ ಅಂತ ನಾನು ಅನ್ನುವುದಿಲ್ಲ, ಬಹಳ ಕಷ್ಟದ ಕೆಲಸ. ಆದರೆ ನನಗೆ ಬೇಕಾಗಿದ್ದುದು ಹೈಸ್ಕೂಲು. ದೊಡ್ಡ ಮಕ್ಕಳಿಗೆ ಪಾಠ ಹೇಳಬೇಕು, ಅವರು ಎದುರು ಮಾತಾಡಬೇಕು, ನಾನೂ ಜಗಳಕ್ಕೆ ನಿಲ್ಲಬೇಕು. ಪ್ರತಿ ವರ್ಷ ಕೇಳುತ್ತಿದ್ದೆ. ಪ್ರತಿ ವರ್ಷ ಮೈಸೂರಿನ ಕಡೆಯ ನಮ್ಮ ಹೆಡ್ ಮೇಡಂ ನಗುತ್ತಾ, “ನಿಮ್ಮ ಇಂಗ್ಲಿಷಿನಲ್ಲಿ ಸ್ವಲ್ಪ ರಾಗಿ ವಾಸನೆ ಇದೆ ಮಿಸ್” ಅನ್ನುತ್ತಿದ್ದರು. ಮೂರು ಹೊತ್ತೂ ಮುದ್ದೆ ತಿಂದು ಬೆಳೆದವಳ ಬಾಯಲ್ಲಿ ಗುಲಾಬಿ ವಾಸನೆ ಎಲ್ಲಿಂದ ಬರಬೇಕು?

ಆ ಶಾಲೆಯಲ್ಲಿ ಮೇಲಿನ ತರಗತಿ ಬೇಕೆಂದರೆ ಸೆಕ್ರೆಟರಿ ಮತ್ತು ಹೆಡ್ ಮೇಡಂ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಅದಕ್ಕೆ ಡೆಮೊ ಅನ್ನುತ್ತಾರೆ. ಹಿಂದಿನ ವರ್ಷ ನನಗೆ ಕೊಟ್ಟಿದ್ದು ಇದೇ ಜೆರಂಡ್, ಇನ್ಫಿನಿಟಿವ್. ಮಂಡ್ಯದ ಬಸ್‌ಸ್ಟ್ಯಾಂಡಿನ ಎದುರು ಕೊಂಡ ದಪ್ಪ ಗ್ರಾಮರ್ ಪುಸ್ತಕ ಉರು ಹೊಡೆದುಕೊಂಡು ಹೋಗಿದ್ದೆ. ಬೋರ್ಡಿನ ತುಂಬ ಎರಡು ಪಟ್ಟಿ ಬರೆದೆ. ಅಷ್ಟರಲ್ಲಿ ಮೂರನೇ ಬೆಂಚಿನ ಒಂದು ಹುಡುಗಿ ಎದ್ದು, “ಮಿಸ್, ಎಂಜಾಯ್‌ಗೆ ಮಾತ್ರ ಇಂಗ್ ಯಾಕೆ? ವಾಂಟ್ ಏನು ಪಾಪ ಮಾಡಿತ್ತು?” ಅಂದಳು. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. “ಅದು ಹಾಗೇ, ಕೂತ್ಕೊ” ಅಂದೆ. ಹೆಡ್ ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು, ಸೆಕ್ರೆಟರಿ ಆಕಳಿಸಿದರು, ನಾನು ಮತ್ತೆ ಎಲ್‌ಕೆಜಿಗೆ ಹೋದೆ.

ಈ ವರ್ಷ ಮತ್ತೆ ಕೇಳಿದಾಗ ಮತ್ತೆ ಅದೇ ಪಾಠ ಕೊಟ್ಟರು. “ಇದೇ ಕೊನೆ ಸಲ ಮಿಸ್. ಇದಾಗಲಿಲ್ಲ ಅಂದ್ರೆ ನೀವು ಎಲ್‌ಕೆಜಿಯಲ್ಲೇ ರಿಟೈರ್ ಆಗೋದು” ಅಂದರು ಹೆಡ್ ಮೇಡಂ. ಅವರ ಪಕ್ಕ ಕೂತಿದ್ದ ಸೆಕ್ರೆಟರಿ ನಿಡಘಟ್ಟದ ಕಡೆಯ ದೊಡ್ಡ ಬೇಸಾಯದ ಮನೆಯವರು. ಅವರ ಪಾಲಿಗೆ ಇಂಗ್ಲಿಷು ಶಾಲೆಯ ಬೋರ್ಡಿನಿಂದ ಕೆಳಗೆ ಇಳಿದಿರಲಿಲ್ಲ. “ಐಸ್ಕೂಲು ಯಾಕಮ್ಮ ನಿಂಗೆ? ಬೇಕಾದ್ರೆ ಐದ್ನೇ ಕ್ಲಾಸು ಕೊಡಾವ, ತಕ್ಕೊ” ಅಂದರು. ಬೇಡ ಸಾರ್ ಅಂದೆ. ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ.

ನಮ್ಮೂರು ಬಂಡೂರಿನ ಹತ್ತಿರ. ಅಪ್ಪ ಕುರಿ ದಲ್ಲಾಳಿ. ಮಳವಳ್ಳಿ ಸಂತೆಯಿಂದ ಹಲಗೂರಿನವರೆಗೆ ಯಾರು ಕುರಿ ಮಾರಲಿ, ಯಾರು ಕೊಳ್ಳಲಿ, ನಡುವೆ ಅಪ್ಪನ ಹಳೇ ಕೆಂಪು ಅಂಚಿನ ಟವೆಲ್ಲು ಇರುತ್ತಿತ್ತು. ನಮ್ಮ ಕಡೆ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡೂ ಟವೆಲ್ಲಿನ ಅಡಿ ಹೋಗುತ್ತವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಒಂಬತ್ತು ಅನ್ನಬೇಕಾದರೆ ಇಡೀ ಕೈ ಒಂದು ಸಲ, ಆಮೇಲೆ ನಾಲ್ಕು ಬೆರಳು. ಸುತ್ತ ನಿಂತ ಹತ್ತು ಜನಕ್ಕೆ ಏನೂ ತಿಳಿಯುವುದಿಲ್ಲ. ಮುಖ ಆಕಾಶ ನೋಡುತ್ತಿರಬೇಕು, ಬಾಯಿ ಮಳೆಬೆಳೆ ಮಾತಾಡುತ್ತಿರಬೇಕು. ಒಪ್ಪಿಗೆ ಆಯಿತೋ, ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ಆಮೇಲೆ ಮಾತು ಬದಲಿಸಿದವನನ್ನು ಸಂತೆಯಲ್ಲಿ ಯಾರೂ ಮನುಷ್ಯ ಅನ್ನುವುದಿಲ್ಲ. ಹಾಗೇ, ಟವೆಲ್ಲಿನ ಅಡಿ ಸುಳ್ಳು ಹೇಳುವ ಹಾಗಿಲ್ಲ. ಹೊರಗೆ ಎಷ್ಟು ಬೇಕಾದರೂ ಹೇಳಬಹುದು, ಅಪ್ಪ ಧಾರಾಳವಾಗಿ ಹೇಳುತ್ತಿದ್ದ.

ಅಪ್ಪನ ಸುಳ್ಳುಗಳಲ್ಲಿ ಅವನ ಓದೂ ಒಂದು. ಎಷ್ಟನೇ ಕ್ಲಾಸು ಓದಿದ್ದೀಯ ಅಂತ ಕೇಳಿದರೆ ಒಂದು ದಿನ ಮೂರು ಅನ್ನುತ್ತಿದ್ದ, ಬೀಗರ ಎದುರು ಎಸ್ಸೆಸ್ಸೆಲ್ಸಿ ಅನ್ನುತ್ತಿದ್ದ, ಅವ್ವನ ಎದುರು ಇಸ್ಕೂಲಿನ ಬಾಗಿಲೇ ಕಂಡಿಲ್ಲ ಅನ್ನುತ್ತಿದ್ದ. ಸರಿಯಾದ ಲೆಕ್ಕ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳುವುದನ್ನೂ ನಾವು ಬಿಟ್ಟಿದ್ದೆವು.

ಡೆಮೊಗೆ ಎರಡು ವಾರ ಇತ್ತು. ಶಾಲೆಯಿಂದ ಬಂದವಳೇ ಜಗಲಿಯ ಮೇಲೆ ಕೂತು ಪಟ್ಟಿ ಹೇಳುತ್ತಿದ್ದೆ. ಅವಾಯ್ಡ್, ಫಿನಿಶ್, ಕೀಪ್, ಸಜೆಸ್ಟ್, ಇವಕ್ಕೆಲ್ಲ ಇಂಗ್. ಡಿಸೈಡ್, ಹೋಪ್, ಪ್ರಾಮಿಸ್, ರೆಫ್ಯೂಸ್, ಇವಕ್ಕೆಲ್ಲ ಟು. ಅಪ್ಪ ಕೊಟ್ಟಿಗೆಯಲ್ಲಿ ಟಗರಿನ ಕಾಲು ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದ.

“ಏನವ್ವ ಅದು, ದಿನಾ ಅದ್ನೇ ಮಂತ್ರ ಅಂಗೆ ಏಳ್ತಿದ್ದೀಯೆ?”

ಹಿಂದಿನ ವರ್ಷದ ಕತೆ ಹೇಳಿದೆ. ಹುಡುಗಿ ಎದ್ದು ಯಾಕೆ ಅಂತ ಕೇಳಿದ್ದು, ನಾನು ತಬ್ಬಿಬ್ಬಾದದ್ದು, ಎಲ್ಲ. ಅಪ್ಪ ಟಗರಿನ ಕಾಲು ಬಿಟ್ಟು ನನ್ನ ಕಡೆ ತಿರುಗಿದ.

“ಆ ಮಗೀನ ಆಚೆ ಕಳಿಸ್ದ್ಯಾ?”

“ಇಲ್ಲ. ಕೂತ್ಕೊ ಅಂದೆ.”

“ಅಷ್ಟಾದ್ರೂ ಮಾಡ್ದ್ಯಲ್ಲ, ಬುಡು” ಅಂದ. ಆಮೇಲೆ, “ಅಲ್ಲ ಕಣವ್ವ, ಪಟ್ಟಿ ಉರು ಒಡೆದ್ರೆ ಬತ್ತದಾ? ನಾನು ಕುರಿ ತೂಕಾನ ಪಟ್ಟಿ ನೋಡಿ ಏಳ್ತೀನಾ? ಬೆನ್ನು ಒತ್ತಿ ಒತ್ತಿ ಕೈಗೆ ಗೊತ್ತಾಗಿರೋದು. ನಿನ್ನ ಇಂಗ್ಲೀಸ್ನೂ ಕೈಯಾಗೆ ಇಡ್ಕಬೇಕು” ಅಂದ.

ನನಗೆ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು. ಬಸ್ಸಿನಲ್ಲಿ ನಿಂತು ಬಂದ ಕಾಲು ನೋಯುತ್ತಿತ್ತು. “ನೀನು ಸುಮ್ನಿರಪ್ಪ. ಹೆಬ್ಬೆಟ್ಟು ಒತ್ತೋರಿಗೆಲ್ಲ ಇದು ಅರ್ಥ ಆಗಲ್ಲ” ಅಂದುಬಿಟ್ಟೆ.

“ನಾನು ಸೈನು ಆಕ್ತೀನಿ ಕಣವ್ವ” ಅಂತ ಹೇಳಿ ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಒಳಗಿನಿಂದ ಅವ್ವ, “ನಾಲ್ಗೆ ಒಸಿ ಉದ್ದ ಆಯ್ತು ನಿಂದು” ಅಂದಳು. ಆಯಿತು ಅಂತ ನನಗೂ ಗೊತ್ತಿತ್ತು. ಆದರೆ ಕ್ಷಮಿಸು ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ, ನಮ್ಮ ಇಡೀ ಜಿಲ್ಲೆಯಲ್ಲೇ ಅದರ ಬಳಕೆ ಕಡಿಮೆ.

ಮಾರನೆಯ ಸಂಜೆ ನಾನು ಜಗಲಿಗೆ ಬರುವ ಹೊತ್ತಿಗೆ ಅಪ್ಪನೇ ಅಲ್ಲಿ ಕೂತಿದ್ದ. ಟವೆಲ್ಲು ಕೈಯ ಮೇಲೆ ಹರಡಿಕೊಂಡಿದ್ದ. “ಆಕು ಕೈ” ಅಂದ. ಹಾಕಿದೆ. “ಟು ಅಂದ್ರೆ ಒಂದು ಬೆಳ್ಳು. ಇಂಗು ಅಂದ್ರೆ ಇಡೀ ಕೈ, ಬಾಲಗೀಲ ಎಲ್ಲ ಸೇರಿ. ಎರಡ್ಕೂ ಓಗೋದಾದ್ರೆ ಎರಡೂ ಇಡ್ಕೊ. ಈಗ ಏಳು.”

“ಡಿಸೈಡ್” ಅಂದೆ. ಒಂದು ಬೆರಳು ಹಿಡಿದ. “ಎಂಜಾಯ್” ಅಂದೆ. ಇಡೀ ಕೈ ಹಿಡಿದ. ನಾನು ಹಿಂದಿನ ದಿನಗಳಲ್ಲಿ ಹೇಳಿದ್ದೆಲ್ಲ ಅವನ ತಲೆಯಲ್ಲಿ ಕೂತಿತ್ತು! ಆಮೇಲೆ ಅವನು ಹೇಳಿದ, ನಾನು ಹಿಡಿದೆ. ಮೂರು ದಿನದಲ್ಲಿ ಪಟ್ಟಿ ಮರೆತೇಹೋಯಿತು, ಕೈ ಮಾತ್ರ ತಪ್ಪುತ್ತಿರಲಿಲ್ಲ. ‘ರೆಫ್ಯೂಸ್’ ಅಂದ ತಕ್ಷಣ ಬೆರಳು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ‘ಸ್ಟಾಪ್’ ಬಂದ ದಿನ ಅಪ್ಪನ ಖುಷಿ ನೋಡಬೇಕಿತ್ತು. ಸ್ಟಾಪ್ ಆದಮೇಲೆ ಡ್ರಿಂಕಿಂಗ್ ಅಂದರೆ ಕುಡಿಯುವುದನ್ನು ಬಿಟ್ಟ, ಟು ಡ್ರಿಂಕ್ ಅಂದರೆ ಕುಡಿಯಲಿಕ್ಕೆ ಅಂತ ನಿಂತ, ಅಂದೆ.

“ಲೇ ಇವ್ಳೇ, ಕೇಳಿಲ್ಲಿ!” ಅಂತ ಅವ್ವನನ್ನು ಕೂಗಿದ. “ನಿನ್ ತಮ್ಮ ಡಾಕ್ಟ್ರ ಮುಂದೆ ಇಂಗು, ಬ್ರಾಂದಿ ಅಂಗಡಿ ಮುಂದೆ ಟು ಕಣೆ!”

“ಬಾಯ್ ಮುಚ್ಕಂಡು ಕುರಿಗೆ ಸೊಪ್ಪಾಕು” ಅಂದಳು ಅವ್ವ. ತಮ್ಮನ ವಿಷಯದಲ್ಲಿ ಅವಳಿಗೆ ಯಾವ ವ್ಯಾಕರಣವೂ ಬೇಕಿರಲಿಲ್ಲ.

ಡೆಮೊ ದಿನ ಬ್ಯಾಗಿನಲ್ಲಿ ಇಪ್ಪತ್ತು ಟವೆಲ್ಲು, ಮೇಲೆ ಅಪ್ಪನದೂ ಒಂದು ತುಂಬಿಕೊಂಡು ಬಸ್ಸು ಹತ್ತಿದೆ. ಸಂಬಂಧಿಕರ ಮನೆಗಳನ್ನೆಲ್ಲ ಜಾಲಾಡಿ ತಂದಿದ್ದೆ, ಒಂದೆರಡರಲ್ಲಿ ಕುರಿ ವಾಸನೆ ಹೋಗಿರಲಿಲ್ಲ. ಕ್ಲಾಸು ಎಂಟನೆಯದು, ಹೋದ ವರ್ಷದ ಏಳನೆಯವರೇ. ಮೂರನೇ ಬೆಂಚಿನಲ್ಲಿ ಅದೇ ಹುಡುಗಿ, ಹಿಂದಿನ ವರ್ಷಕ್ಕಿಂತ ಒಂದು ಗೇಣು ಎತ್ತರವಾಗಿ ಕೂತಿದ್ದಳು. ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ, ಸೆಕ್ರೆಟರಿ. ನಾಲ್ಕು ವಾಕ್ಯ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿ, ಬೆಂಚಿಗೆ ಎರಡರಂತೆ ಟವೆಲ್ಲು ಹಂಚಿ, ಹಿಡಿಯುವ ರೀತಿ ತೋರಿಸಿದೆ. ಒಬ್ಬರು ಕ್ರಿಯಾಪದ ಪಿಸುಗುಡಬೇಕು, ಇನ್ನೊಬ್ಬರು ಹಿಡಿಯಬೇಕು. ತಪ್ಪಿದರೆ ಟವೆಲ್ಲು ಸೋತವರ ತಲೆ ಮೇಲೆ.

ಹುಡುಗಿ ಎದ್ದಳು. “ಮಿಸ್, ಈಗಲಾದರೂ ಹೇಳಿ. ಎಂಜಾಯ್‌ಗೆ ಇಂಗ್ ಯಾಕೆ?”

“ನನಗೂ ಗೊತ್ತಿಲ್ಲ ಕಣಮ್ಮ. ಮುನ್ನೂರು ಪುಟದ ಪುಸ್ತಕಕ್ಕೂ ಸರಿಯಾಗಿ ಗೊತ್ತಿಲ್ಲ. ಮೊದಲು ಕೈಗೆ ಅಭ್ಯಾಸ ಆಗಲಿ, ಆಮೇಲೆ ಇಬ್ಬರೂ ಹುಡುಕೋಣ. ನಿನಗೆ ಮೊದಲು ಸಿಕ್ಕರೆ ನನಗೆ ಹೇಳು” ಅಂದೆ. ಅವಳು ನಗುತ್ತಾ ಕೂತಳು. ಆಮೇಲೆ ಐದು ನಿಮಿಷ ಕ್ಲಾಸಿನಲ್ಲಿ ಪಿಸುಮಾತು ಬಿಟ್ಟು ಸದ್ದಿಲ್ಲ. ನಡುನಡುವೆ ಒಂದು ಟವೆಲ್ಲು ಒಂದು ತಲೆಯ ಮೇಲೆ ಬೀಳುತ್ತಿತ್ತು.

ಹೆಡ್ ಮೇಡಂಗೆ ಈ ಮೌನ ಸಹಿಸಲಾಗಲಿಲ್ಲ. “ಏನ್ ಮಿಸ್ ಇದು? ಮಕ್ಕಳು ಕೈ ಕೈ ಹಿಡ್ಕೊಂಡು ಕೂತಿದ್ದಾರೆ, ಟೀಚಿಂಗ್ ಎಲ್ಲಿ?” ಅಂದರು. ಸೆಕ್ರೆಟರಿ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಹೋದ ವರ್ಷ ಆಕಳಿಸಿದ್ದ ಮನುಷ್ಯ ಇವರೇ ಏನು ಅನ್ನಿಸಿತು.

“ಸಾರ್, ನೀವೇ ಒಂದು ಸಲ ನೋಡಿ” ಅಂತ ಅಪ್ಪನ ಕೆಂಪಂಚಿನ ಟವೆಲ್ಲು ಹಿಡಿದು ಅವರ ಮುಂದೆ ನಿಂತೆ. ಅವರು ಒಂದು ಕ್ಷಣ ಅತ್ತಿತ್ತ ನೋಡಿ ಕೈ ಒಳಗೆ ಹಾಕಿದರು. “ರೆಫ್ಯೂಸ್” ಅಂದೆ. ಒಂದು ಬೆರಳು ಹಿಡಿಯಬೇಕಿತ್ತು. ಅವರು ಇಡೀ ಕೈ ಹಿಡಿದರು.

ತಪ್ಪು ಸಾರ್ ಅನ್ನಲು ಬಾಯಿ ತೆರೆದವಳು ಅವರ ಮುಖ ನೋಡಿ ನಿಂತೆ. ಅವರು ಫ್ಯಾನು ನೋಡುತ್ತಿದ್ದರು. “ಈ ಸತಿ ಬಿಸಿಲು ಜಾಸ್ತಿ ಅಲ್ವಾ ಮೇಡಂ?” ಅಂತ ಪಕ್ಕದವರನ್ನು ಕೇಳುತ್ತಿದ್ದರು. ಅದು ಸಂತೆಯ ಮುಖ. ಜೀವಮಾನವಿಡೀ ಎತ್ತು, ಟಗರು ಕೊಂಡವರು, ಟವೆಲ್ಲಿನ ಅಡಿ ಕೈ ಹೋದ ಮೇಲೆ ವ್ಯಾಪಾರ ಬಿಟ್ಟು ಇನ್ನೇನು ತಿಳಿಯುತ್ತದೆ ಅವರಿಗೆ? ಇಡೀ ಕೈ ಅಂದರೆ ಐದು. ಐದನೇ ಕ್ಲಾಸು ತಕ್ಕೊ ಅನ್ನುತ್ತಿದ್ದರು!

ನನಗೆ ಎಲ್ಲಿತ್ತೋ ಧೈರ್ಯ. ಇಡೀ ಕೈ ಒಂದು ಸಲ ಹಿಡಿದು ಬಿಟ್ಟು ಮತ್ತೊಂದು ಸಲ ಹಿಡಿದೆ. ಹತ್ತು.

ಅವರ ಹುಬ್ಬು ಒಂದು ಕೂದಲಿನಷ್ಟು ಎದ್ದು ಇಳಿಯಿತು. ಇಡೀ ಕೈ, ಆಮೇಲೆ ಎರಡು ಬೆರಳು. ಏಳು. ನಾನು ಮತ್ತೆ ಹತ್ತು. “ಕೆರೆ ನೀರು ಬೇರೆ ಕಡಿಮೆ ಆಗ್ಯದೆ” ಅಂದರು ಫ್ಯಾನಿಗೆ. ಎಂಟು ಕೊಟ್ಟರು. ಅವಸರಪಟ್ಟು ಕೈ ಬಿಟ್ಟವಳು ಸೋತಳು ಅಂತ ಅಪ್ಪ ಹೇಳಿದ್ದ. ನಾನು ಬಿಡಲಿಲ್ಲ. “ಹೌದು ಸಾರ್, ಕರೆಂಟೂ ಸರಿಯಾಗಿಲ್ಲ” ಅಂತ ಕಿಟಕಿಗೆ ಹೇಳಿದೆ.

“ಮಿಸ್!” ಅಂದರು ಹೆಡ್ ಮೇಡಂ. ಇಡೀ ಕ್ಲಾಸಿನ ಎದುರು ನಾನು ಸೆಕ್ರೆಟರಿಯ ಕೈ ಹಿಡಿದು ಕಿಟಕಿ ನೋಡುತ್ತಾ ನಿಂತಿದ್ದೆ. ಮೇಡಂ ಗಾಬರಿಯಲ್ಲಿ ನ್ಯಾಯವಿತ್ತು.

ಇಡೀ ಕೈ. ಆಮೇಲೆ ಒಂದು, ಎರಡು, ಮೂರು, ನಾಲ್ಕು ಬೆರಳು. ನಾನು ಗಟ್ಟಿಯಾಗಿ ಒತ್ತಿದೆ. ಸೆಕ್ರೆಟರಿ ಟವೆಲ್ಲು ಎಳೆದು, ಅಭ್ಯಾಸಬಲದಿಂದ ತಮ್ಮ ಹೆಗಲಿಗೇ ಹಾಕಿಕೊಂಡರು.

“ಜೂನಿಂದ ಈಯಮ್ಮನ್ಗೆ ಒಂಬತ್ನೇ ಕ್ಲಾಸಿನ ಇಂಗ್ಲಿಷು ಬರ್ಕಳಿ ಮೇಡಂ.”

“ಸರ್, ಡೆಮೊ ಇನ್ನೂ ಮುಗಿದಿಲ್ಲ. ಅವರು ಏನು ಟೀಚ್ ಮಾಡಿದರು ಅಂತಲೇ ನನಗೆ ಗೊತ್ತಾಗಲಿಲ್ಲ.”

“ನಂಗೂ ಅದೆಲ್ಲ ಗೊತ್ತಾಗಲಿಲ್ಲ. ಆದ್ರೆ ಮಕ್ಳು ಒಬ್ಬರೂ ನಿದ್ದೆ ಮಾಡ್ನಿಲ್ಲ. ಟವಲ್ ತಗದ್ಮೇಲೆ ಮಾತು ತಿರುಗ್ಸೋನಲ್ಲ ನಾನು” ಅಂದರು. ಹೆಡ್ ಮೇಡಂಗೆ ಇಂದಿಗೂ ಆ ದಿನ ಏನಾಯಿತು ಅಂತ ತಿಳಿದಿಲ್ಲ. ಅಪ್ಪನ ಟವೆಲ್ಲು ವಾಪಸು ಕೇಳಿ ಇಸಿದುಕೊಳ್ಳುವುದೇ ನನಗೆ ವ್ಯಾಪಾರಕ್ಕಿಂತ ಕಷ್ಟವಾಯಿತು.

ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಬಂದೆ, ಕೂರಲು ಆಗುತ್ತಿರಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಕುರಿ ಒಳಗೆ ಬಿಡುತ್ತಿದ್ದ. ಏನಾಯ್ತು ಅಂತ ಬಾಯಲ್ಲಿ ಕೇಳಲಿಲ್ಲ. ಜಗಲಿಗೆ ಬಂದು ಕೂತು, ನನ್ನ ಕೈಯಿಂದ ಟವೆಲ್ಲು ತೆಗೆದುಕೊಂಡು ಹರಡಿ, ತನ್ನ ಕೈ ಅಡಿಗೆ ಹಾಕಿದ. ಎಷ್ಟಕ್ಕೆ ಮುಗಿಯಿತು?

ಇಡೀ ಕೈ ಹಿಡಿದೆ. ಆಮೇಲೆ ನಾಲ್ಕು ಬೆರಳು.

ಅವನ ಮುಖದಲ್ಲಿ ಏನೂ ಕಾಣಲಿಲ್ಲ. “ಅತ್ತಕ್ಕೇ ನಿಂತಿದ್ರೂ ಕೊಡೋನು ಕಣವ್ವ, ಒಸಿ ಬೇಗ ಬುಟ್ಟೆ” ಅಂದ. ಆದರೆ ಕೈ ಬಿಡಲಿಲ್ಲ. ತಾನೂ ನನ್ನ ಕೈ ಹಿಡಿದ, ಪೂರ್ತಿ. ಆಮೇಲೆ ನಾಲ್ಕು ಬೆರಳು.

“ಹೂಂ ಅಪ್ಪ, ಒಂಬತ್ತೇ” ಅಂದೆ.

“ಬಾಯ್ ಬುಡಬ್ಯಾಡ” ಅಂದ. ಮತ್ತೆ ಇಡೀ ಕೈ, ಮತ್ತೆ ನಾಲ್ಕು ಬೆರಳು. “ಇದು ನಿಂದಲ್ಲ. ನಂದು.”

ಅದು ಅವನ ಓದಿನ ಲೆಕ್ಕ ಎಂದು ನನಗೆ ತಡವಾಗಿ ಹೊಳೆಯಿತು. ಇಷ್ಟು ವರ್ಷ ಮೂರು ಅಂದಿದ್ದ, ಎಸ್ಸೆಸ್ಸೆಲ್ಸಿ ಅಂದಿದ್ದ, ಬಾಗಿಲೇ ಕಂಡಿಲ್ಲ ಅಂದಿದ್ದ. ಟವೆಲ್ಲಿನ ಅಡಿ ಮಾತ್ರ ಅವನು ಸುಳ್ಳು ಹೇಳುವವನಲ್ಲ.

“ಒಂಬತ್ನೇ ಕಿಲಾಸಲ್ಲಿ ಇಂಗ್ಲೀಸ್ ಮೇಷ್ಟ್ರನ್ನ ಯಾಕೆ ಅಂತ ಕೇಳ್ದೆ. ಏನು ಕೇಳ್ದೆ ಅನ್ನೋದು ಈಗ ಗ್ಯಾನ ಇಲ್ಲ. ಆಚೆ ಓಗು ಅಂದ್ರು, ಓದೆ. ಮತ್ತೆ ಒಳೀಕ್ ಕರೀನಿಲ್ಲ, ನಾನೂ ಓಗ್ನಿಲ್ಲ. ಆಚೆ ಕುರಿ ಇದ್ವು” ಅಂದ.

ಹೆಬ್ಬೆಟ್ಟು ಅಂದಿದ್ದೆ ನಾನು ಅವನಿಗೆ. ತಪ್ಪಾಯ್ತು ಅಪ್ಪ ಅನ್ನಬೇಕೆಂದು ಬಾಯಿ ತೆರೆದೆ, ನಮ್ಮ ಜಿಲ್ಲೆಯ ಬಾಯಿ, ಮಾತು ಹೊರಡಲಿಲ್ಲ. ಅವನ ಕೈಯನ್ನು ಗಟ್ಟಿಯಾಗಿ ಒತ್ತಿದೆ ಅಷ್ಟೆ.

“ನಿನ್ನ ಒಂಬತ್ನೇ ಕಿಲಾಸಲ್ಲಿ ಯಾವ್ದಾದ್ರೂ ಮಗ ಎದ್ದು ಯಾಕೆ ಅಂದ್ರೆ ಏನ್ ಮಾಡೀಯೆ?” ಅಂತ ಕೇಳಿದ, ಬೀದಿಯ ಕಡೆ ನೋಡುತ್ತಾ.

“ಮುಂದಿನ ಬೆಂಚಲ್ಲಿ ಕೂರಿಸ್ತೀನಿ.”

ಅಪ್ಪ ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡ.